ಟರ್ಕಿ ಮರಿಗೆ ಕಟ್ಟಿದ ಪಟ್ಟಿ

ಕಿರವತ್ತಿ
ಮಾರ್ಚ್ ೧೨, ಗುರುವಾರ

ಅವ್ವಾ,

ಕಾಲಿಗೆ ಬಿದ್ದೆ ಎಂದು ಶುರು ಮಾಡಬೇಕು, ಬಿದ್ದೆ ಎಂದುಕೋ. ಹೇಗಿದ್ದೀ, ಊಟ ಆಯಿತಾ ಎಂದು ಕೇಳುವಷ್ಟು ತಾಳ್ಮೆ ಇವತ್ತು ನನ್ನ ಹತ್ತಿರ ಇಲ್ಲ. ದಿವ್ಯಾ ನನ್ನ ಮನೆಯಲ್ಲಿದ್ದಾಳೆ. ಕೂಸೂ ಇಲ್ಲೇ ಇದೆ. ಇಬ್ಬರೂ ಚೆನ್ನಾಗಿದ್ದಾರೆ. ಸೊಸೆ ಕೂಸನ್ನು ಎತ್ತಿಕೊಂಡು ಓಡಿಹೋದಳು ಎಂದು ನೀನು ಕಾನಸೂರಿನಲ್ಲಿ ಮನೆಮನೆಗೆ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಓಡಿಹೋಗುವವಳು ಗಂಡನ ಅಕ್ಕನ ಮನೆಗೆ ಓಡಿಹೋಗುತ್ತಾಳೇನೇ?

ನೀನು ಫೋನ್ ಮಾಡಿದ್ದೆಲ್ಲ ಗೊತ್ತು. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ಮೊದಲು ಬೈಯುತ್ತೀ, ಆಮೇಲೆ ಅಳುತ್ತೀ. ನೀನು ಅಳಲು ಶುರು ಮಾಡಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಮೂವತ್ತು ವರ್ಷದಿಂದ ಹಾಗೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಟರ್ಕಿ ಮರಿ ಕೊಡುವ ಕುಬ್ರಾಳ ಗಂಡನ ಗಾಡಿ ನಾಳೆ ಸಿದ್ದಾಪುರಕ್ಕೆ ಹೋಗುತ್ತದೆ, ದಾರಿಯಲ್ಲಿ ನಿನ್ನ ಕೈಗೇ ಕೊಟ್ಟು ಹೋಗಲು ಹೇಳಿದ್ದೇನೆ. ನಿನಗೆ ಓದಲು ಬರುತ್ತದೆ. ಪಕ್ಕದ ಮನೆಯವರ ಕೈಯಲ್ಲಿ ಓದಿಸಬೇಡ. ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮತ್ತೆ ಓದು. ಹರಿದು ಒಲೆಗೆ ಮಾತ್ರ ಹಾಕಬೇಡ.

ದಿವ್ಯಾಳ ಬಾಣಂತನ ನೀನು ಚೆನ್ನಾಗಿಯೇ ಮಾಡಿದೆ. ಅದನ್ನು ಮೊದಲೇ ಒಪ್ಪುತ್ತೇನೆ. ಅವಳಿಗೆ ತಾಯಿ ಇಲ್ಲ, ಇಸಳೂರಿನಲ್ಲಿ ಅಣ್ಣನ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ನೀನೇ ಹಟ ಹಿಡಿದು ಶಿರಸಿ ಆಸ್ಪತ್ರೆಯಿಂದ ನೇರವಾಗಿ ಕಾನಸೂರಿಗೆ ಕರೆದುಕೊಂಡು ಹೋದೆ. ಎಣ್ಣೆ, ನೀರು, ಕಷಾಯ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಆದರೆ ಕೂಸು ಹುಟ್ಟಿದ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳುವಾಗ ಬಣ್ಣ ಹೇಳಿದೆ, ತೂಕ ಹೇಳಿದೆ, ಕೂದಲು ಎಷ್ಟಿದೆ ಎಂದು ಹೇಳಿದೆ. ಕಾಲಿನ ವಿಷಯ ಹೇಳಲಿಲ್ಲ. ಆಸ್ಪತ್ರೆಯವರು ಬಿಡುಗಡೆ ಮಾಡುವಾಗಲೇ ಮೂಳೆ ಡಾಕ್ಟರಿಗೆ ತೋರಿಸಿ ಎಂದು ಬರೆದುಕೊಟ್ಟಿದ್ದರಂತೆ. ಅದನ್ನೂ ಹೇಳಲಿಲ್ಲ.

ನಾನು ಕೂಸನ್ನು ನೋಡಲು ಬಂದ ದಿನ ನೆನಪಿದೆಯಾ? ಹೊರಗೆ ಬಿಸಿಲು ಸುಡುತ್ತಿತ್ತು. ನೀನು ಕೂಸನ್ನು ಕಂಕುಳಿನವರೆಗೆ ಎರಡು ಸುತ್ತು ಬಟ್ಟೆಯಲ್ಲಿ ಬಿಗಿದು ಮಲಗಿಸಿದ್ದೆ. ಬೆವರಿ ಅಳುತ್ತಿತ್ತು. ನಾನು ಬಿಚ್ಚೋಣ ಎಂದರೆ ನೀನು ಥಂಡಿ ಆಗುತ್ತದೆ ಎಂದೆ. ದಿವ್ಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು, ನನ್ನ ಮುಖ ನೋಡಲಿಲ್ಲ. ನೀನು ಒಲೆಯ ಮೇಲಿನ ಹಾಲು ಇಳಿಸಲು ಹೋದಾಗ ನಾನು ಬಟ್ಟೆ ಬಿಚ್ಚಿದೆ.

ಎರಡೂ ಪಾದ ಒಳಗಡೆ ಮಡಚಿಕೊಂಡಿದ್ದವು. ಅಂಗಾಲಿಗೆ ಅಂಗಾಲು ಮುಖ ಮಾಡಿಕೊಂಡಿತ್ತು. ನನ್ನ ಎಡಗಾಲು ಹೇಗಿದೆಯೋ ಹಾಗೇ, ಆದರೆ ನನ್ನ ಹೆಬ್ಬೆರಳಿನಷ್ಟು ಉದ್ದ, ಬೆಣ್ಣೆಯಷ್ಟು ಮೆತ್ತಗೆ. ನಾನು ಬೆರಳಿನಿಂದ ಒಂದಿಷ್ಟು ಒತ್ತಿದರೆ ಒಂದಿಷ್ಟು ಬಂತು. ನನ್ನ ಕಾಲು ಸುತ್ತಿಗೆಯಿಂದ ಬಡಿದರೂ ಬರುವುದಿಲ್ಲ ಅವ್ವಾ. ಅದು ನನಗೆ ಮಾತ್ರ ಗೊತ್ತಿರುವ ವ್ಯತ್ಯಾಸ.

ನೀನು ಬಾಗಿಲಲ್ಲಿ ನಿಂತಿದ್ದೆ. "ನೋಡಿದ್ಯಾ? ಈಗ ಸುಮ್ನಿರು," ಎಂದೆ.

"ಡಾಕ್ಟರಿಗೆ ತೋರಿಸಿದ್ರಾ?" ಎಂದು ನಾನು ಕೇಳಿದೆ.

"ಎಂತಕ್ಕೆ? ದಿನಾ ಎಣ್ಣೆ ಹಾಕಿ ತಿಕ್ತಾ ಇದೀನಿ. ನಿಂಗೂ ಹಾಂಗೇ ತಿಕ್ಕಿದ್ದೆ."

"ತಿಕ್ಕಿ ಏನಾಯ್ತು?"

ನೀನು ದಿವ್ಯಾಳ ಬೆನ್ನಿನ ಕಡೆ ಕೈ ತೋರಿಸಿ ಹೇಳಿದೆ, "ಗ್ರಹಣದ ದಿನ ಹೊರಗೆ ಕಾಲಿಡಬೇಡ ಅಂತ ಬಡ್ಕಂಡೆ. ಕೇಳಲಿಲ್ಲ. ಬಚ್ಚಲಿಗೆ ಹೋದ್ಲು. ಈಗ ಕೂಸು ಅನುಭವಿಸ್ತದೆ."

ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳು ಬಚ್ಚಲಿಗೆ ಹೋಗದೆ ಏನು ಮಾಡಬೇಕಿತ್ತು? ಮೈಯಲ್ಲಿ ಹೊಲಿಗೆ ಇನ್ನೂ ಆರದ ಹೆಂಗಸು, ತಾಯಿ ಇಲ್ಲದವಳು, ನೀನು ಕೊಟ್ಟ ಗಂಜಿ ಉಂಡು ನೀನು ಹೇಳಿದ ಮೂಲೆಯಲ್ಲಿ ಮಲಗಿದವಳು. ಅವಳು ಕೇಳಿಸಿಕೊಳ್ಳುವ ಹಾಗೆ ಆ ಮಾತು ಹೇಳಿದೆಯಲ್ಲ. ಎಷ್ಟು ದಿನದಿಂದ ಹೇಳುತ್ತಿದ್ದೆಯೋ. ಆವತ್ತು ನಾನು ಕೂಗಾಡಲಿಲ್ಲ. ಚಹಾ ಕುಡಿದು ಬಸ್ಸು ಹತ್ತಿದೆ.

ನನ್ನ ಕಾಲಿನ ಬಗ್ಗೆ ನಾನು ನಿನ್ನ ಹತ್ತಿರ ಯಾವತ್ತೂ ಜಗಳ ಆಡಿಲ್ಲ. ಶಾಲೆಯಲ್ಲಿ ಆಗಸ್ಟ್ ಹದಿನೈದರ ಕವಾಯತಿಗೆ ನನ್ನನ್ನು ಸೇರಿಸದಿದ್ದಾಗ ಆಡಲಿಲ್ಲ. ನೀನು ನನ್ನ ಲಂಗವನ್ನು ಎಲ್ಲರಿಗಿಂತ ಉದ್ದ ಹೊಲಿಸಿ, ಅದು ಕಾಲಿಗೆ ಸಿಕ್ಕಿ ನಾನು ಕೆಸರಿನಲ್ಲಿ ಬಿದ್ದು ಹಲ್ಲು ಮುರಿದಾಗಲೂ ಆಡಲಿಲ್ಲ. ಹೆಣ್ಣು ನೋಡಲು ಬರುವವರಿದ್ದರೆ ಅವರು ಬರುವ ಮೊದಲೇ ನನ್ನನ್ನು ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದೆ. ಅವರು ಎದ್ದು ಹೋಗುವವರೆಗೆ ನಾನು ಏಳಬಾರದು. ಆಮೇಲೆ ಯಾರೋ ಅವರಿಗೆ ಹೇಳುತ್ತಿದ್ದರು, ಸಂಬಂಧ ಮುರಿಯುತ್ತಿತ್ತು, ನೀನು ಅಳುತ್ತಿದ್ದೆ. ನಂದನ ಬಂದ ದಿನ ನಾನೇ ಎದ್ದು, ಅವನ ಎದುರಿಗೇ ಕುಂಟುತ್ತಾ ಒಳಗೆ ಹೋಗಿ ನೀರು ತಂದುಕೊಟ್ಟೆ. ಅವನು ನೀರು ಕುಡಿದು, "ಕಾಲಿಗೆ ಏನಾಗೇತ್ರಿ?" ಎಂದು ನೇರವಾಗಿ ಕೇಳಿದ. ಹುಟ್ಟಿನಿಂದ ಹೀಗೇ ಎಂದೆ. "ಹೌದಾ," ಎಂದ, ಅಷ್ಟೆ. ಅವರು ಹೋದ ಮೇಲೆ ನೀನು ನನ್ನ ಕೆನ್ನೆಗೆ ಹೊಡೆದೆ. ಆವತ್ತೂ ನಾನು ಜಗಳ ಆಡಲಿಲ್ಲ.

ಈಗ ಆಡುತ್ತಿದ್ದೇನೆ. ಎಲ್ಲ ಸೇರಿಸಿ ಆಡುತ್ತಿದ್ದೇನೆ.

ನನ್ನ ಟರ್ಕಿ ಕೋಳಿಗಳ ವಿಷಯ ಬರೆಯದೆ ನನ್ನ ಸಿಟ್ಟು ನಿನಗೆ ಅರ್ಥವಾಗುವುದಿಲ್ಲ. ಯಲ್ಲಾಪುರದ ಕುಬ್ರಾ ಮೊಟ್ಟೆಯಿಂದ ಮರಿ ಮಾಡಿ ಕೊಡುತ್ತಾಳೆ, ನಾನು ಸಾಕಿ ದೊಡ್ಡದು ಮಾಡುತ್ತೇನೆ, ಕ್ರಿಸ್‌ಮಸ್ಸಿಗೆ ಗೋವಾದವರು ಬಂದು ಒಯ್ಯುತ್ತಾರೆ. ಇದು ನಿನಗೆ ಗೊತ್ತು. ಮೊದಲ ಸಲ ಏನಾಯಿತು ಎನ್ನುವುದು ಗೊತ್ತಿಲ್ಲ. ನಾನು ಮರಿಗಳನ್ನು ದಿನಪತ್ರಿಕೆ ಹಾಸಿದ ಪೆಟ್ಟಿಗೆಯಲ್ಲಿ ಬಿಟ್ಟಿದ್ದೆ. ಗಲೀಜಾದರೆ ಮಡಚಿ ಎಸೆದರೆ ಆಯಿತು, ಸ್ವಚ್ಛ ಎಂದು ನನ್ನ ಲೆಕ್ಕ. ಎರಡೇ ದಿನದಲ್ಲಿ ಮರಿಗಳ ಕಾಲು ಎರಡು ಕಡೆಗೆ ಜಾರಿ, ಹೊಟ್ಟೆ ನೆಲಕ್ಕೆ ತಾಗಿ, ಕಪ್ಪೆಯ ಹಾಗೆ ಬಿದ್ದುಕೊಂಡವು. ಉಳಿದವಕ್ಕೆ ಅಂಗಡಿಯಲ್ಲಿ ಸಿಗುವ ಕೋಳಿ ಮರಿಯ ಆಹಾರವನ್ನೇ ಹಾಕಿದೆ. ಅವುಗಳ ಮಂಡಿ ಊದಿಕೊಂಡು ಕಾಲು ಬಿಲ್ಲಿನ ಹಾಗೆ ಬಾಗಿತು. ಮೇವಿನ ತಟ್ಟೆಯವರೆಗೆ ಹೋಗಲಾರದೆ, ತಟ್ಟೆ ಕಣ್ಣೆದುರಿಗೇ ಇದ್ದರೂ ಹಸಿದು ಸತ್ತವು. ನಾನು ಏನು ಹೇಳಿದೆ ಗೊತ್ತಾ? ಹಣೆಬರಹ ಎಂದೆ. ನಿನ್ನ ಮಾತು, ನನ್ನ ಬಾಯಲ್ಲಿ.

ಕುಬ್ರಾ ಬಂದು ನೋಡಿದವಳು ನನಗೆ ಮುಖ ಮೋರೆ ನೋಡದೆ ಬೈದಳು. "ಅರೆ, ಯಾರ ಹಣೆಬರಹ? ಜಾರೋ ಪೇಪರ್ ಮೇಲೆ ಬಿಟ್ಟವಳು ನೀನು. ಕೋಳಿ ಆಹಾರ ಹಾಕಿದವಳು ನೀನು. ಅಲ್ಲಾ ಬಂದು ಹಾಕಿದ್ನಾ?" ಎಂದಳು. ಅವಳೇ ನನ್ನನ್ನು ಯಲ್ಲಾಪುರದ ಪಶು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಟರ್ಕಿ ಮರಿ ಬೇಗ ಮೈ ಬೆಳೆಸುತ್ತದೆ, ಕಾಲು ಆ ಭಾರ ಹೊರಬೇಕು, ಕೋಳಿ ಮರಿಗೆ ಸಾಕಾಗುವ ಸತ್ವ ಇದಕ್ಕೆ ಸಾಲುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಟರ್ಕಿಯದ್ದೇ ಆಹಾರ, ನೀರಿಗೆ ವಿಟಮಿನ್ ಹನಿ, ಚಿಪ್ಪಿನ ಪುಡಿ, ಬೆಳಗಿನ ಬಿಸಿಲು. ಕಾಲೂರಲು ಒರಟು ನೆಲ. ಒತ್ತೊತ್ತಾಗಿ ತುಂಬಬಾರದು, ಎತ್ತರದಿಂದ ಹಾರಲು ಬಿಡಬಾರದು. ನಾನು ಇದನ್ನೆಲ್ಲ ಕೇಳಿ ಮನೆಗೆ ಬಂದು ಅತ್ತೆ. ಸತ್ತ ಮರಿಗಳಿಗೆ ಅತ್ತದ್ದು ಎಂದು ನಂದನ ತಿಳಿದುಕೊಂಡ.

ಹೋದ ಮೇ ತಿಂಗಳಲ್ಲಿ ಮುಂದಿನ ಮರಿಗಳು ಬಂದಾಗ ನೀನೂ ನಮ್ಮ ಮನೆಯಲ್ಲಿದ್ದೆ. ನಾನು ಹೇಳಿದ ಒಂದೊಂದು ಮಾತನ್ನೂ ನೀನು ಮಾಡಿದೆ ಅವ್ವಾ. ಭತ್ತದ ಹೊಟ್ಟನ್ನು ಬಿಸಿಲಿಗೆ ಹರವಿ, ಪಸೆ ಇದೆಯಾ ಎಂದು ಅಂಗೈಯಲ್ಲಿ ಹಿಂಡಿ ನೋಡಿದೆ. ಒದ್ದೆ ಹೊಟ್ಟಿನಲ್ಲಿ ಪಾದ ಹುಣ್ಣಾಗುತ್ತದೆ ಎಂದು ನಾನು ಒಂದೇ ಸಲ ಹೇಳಿದ್ದು. ನೀನು ದಿನಾ ಎದ್ದ ಕೂಡಲೇ ಹೋಗಿ ನೀರಿನ ತಟ್ಟೆಯ ಸುತ್ತಲಿನ ಹೊಟ್ಟು ತೆಗೆದು ಹೊಸದು ಹಾಕುತ್ತಿದ್ದೆ. ಅದರ ಮೇಲೆ ಗೋಣಿತಾಟು ಹಾಸಿದೆ, ಸುಕ್ಕು ಇದ್ದರೆ ಮರಿ ಎಡವುತ್ತದೆ ಎಂದು ಎಳೆದು ಎಳೆದು ಸರಿ ಮಾಡಿದೆ. ಮೊಟ್ಟೆ ಬೇಯಿಸಿ, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಕಲಸಿದೆ. ನಂದನ ಒಂದು ಮರಿಯನ್ನು ಕಾಲು ಹಿಡಿದು ಎತ್ತಿದನೆಂದು, ಅಳಿಯ ಎನ್ನುವುದನ್ನೂ ನೋಡದೆ, "ನಿಮ್ಮ ಕಾಲು ಹಿಡಿದು ಎತ್ತಿದ್ರೆ ಹೆಂಗಿರ್ತದೆ?" ಎಂದು ಬೈದೆ. ಅವನು ಈಗಲೂ ಅದನ್ನು ಹೇಳಿ ನಗುತ್ತಾನೆ.

ಒಂದು ಮರಿ ಮಾತ್ರ ಮೊಟ್ಟೆಯಿಂದ ಬರುವಾಗಲೇ ಕಾಲು ಅಗಲಿಸಿಕೊಂಡು ಬಂದಿತ್ತು. ನೀನು ನಿನ್ನ ಹಳೆಯ ಹತ್ತಿಸೀರೆಯಿಂದ ಪಟ್ಟಿ ಹರಿದೆ. ಮರಿಯನ್ನು ಮಡಿಲಲ್ಲಿ ಹಿಡಿದುಕೊಂಡೆ, ನಾನು ಎರಡೂ ಕಾಲನ್ನು ಹತ್ತಿರ ತಂದು, ನಿಲ್ಲಲು ಬೇಕಾದಷ್ಟು ಅಂತರ ಬಿಟ್ಟು ಕಟ್ಟಬೇಕು. ಅದು ಕಿರುಚಿತು. ನನ್ನ ಕೈ ನಿಂತಿತು. ಆಗ ನೀನು ಹೇಳಿದ ಮಾತು ನಿನಗೆ ನೆನಪಿಲ್ಲದಿದ್ದರೆ ನಾನು ನೆನಪು ಮಾಡುತ್ತೇನೆ.

"ಅಳ್ಲಿ ಬಿಡೇ. ಈಗ ಎಳೇ ಕಾಲು, ಹೇಳಿದ ಹಾಂಗೆ ಕೇಳ್ತದೆ. ಬಲಿತ ಮೇಲೆ ದೇವ್ರು ಬಂದ್ರೂ ನೆಟ್ಟಗಾಗೂದಿಲ್ಲ. ಕಟ್ಟು."

ನಾನು ಕಟ್ಟಿದೆ. ಆ ಮಾತು ಹೇಳಿ ನೀನು ನನ್ನ ಕಾಲಿನ ಕಡೆ ನೋಡಲಿಲ್ಲ. ನಾನು ನೋಡಿದೆ.

ನಾಲ್ಕಾರು ದಿನ ಬಿಟ್ಟು ಪಟ್ಟಿ ಬಿಚ್ಚಿದಾಗ ಮರಿ ಎದ್ದು ನಿಂತು ನಿನ್ನ ಕೈಯಿಂದ ಸೊಪ್ಪು ಕಿತ್ತುಕೊಂಡಿತು. ನೀನು ಅಪ್ಪನಿಗೆ ಫೋನ್ ಮಾಡಿ, ನಡೀತು ಮಾರಾಯ್ರೆ, ನಡೀತು ಎಂದು ಹೇಳಿದ್ದು ಅಂಗಳದವರೆಗೆ ಕೇಳಿಸುತ್ತಿತ್ತು. ಒಂದು ಟರ್ಕಿ ಕೋಳಿಗೆ! ಡಿಸೆಂಬರಿನಲ್ಲಿ ಯಾರದೋ ಊಟದ ತಟ್ಟೆಗೆ ಹೋಗುವ ಪ್ರಾಣಿಗೆ! ಅದಕ್ಕೆ ತೋರಿಸಿದ ಬುದ್ಧಿ, ಅದಕ್ಕೆ ತೋರಿಸಿದ ಕರುಣೆ ಮಗನ ಮಗಳಿಗೆ ಯಾಕಿಲ್ಲ? ನಿನಗೆ ಗೊತ್ತಿರಲಿಲ್ಲ ಎಂದರೆ ನಾನು ಸುಮ್ಮನಾಗುತ್ತಿದ್ದೆ. ನಿನಗೆ ಗೊತ್ತಿತ್ತು. ನಿನ್ನ ಬಾಯಿಂದಲೇ ಬಂದ ಮಾತು ಅದು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಂಥ ಕಾಲಿಗೆ ವಾರದಲ್ಲಿ ಒಂದು ದಿನ ನೋಡುತ್ತಾರೆ ಎಂದು ಕುಬ್ರಾ ವಿಚಾರಿಸಿ ಹೇಳಿದಳು. ನಾನು ಮತ್ತೆ ಕಾನಸೂರಿಗೆ ಬಂದೆ. ಶಿರಸಿಯಲ್ಲಿ ಕೆಲಸಕ್ಕಿರುವ ತಮ್ಮ ಸುನೀಲನೂ ಅವತ್ತು ಮನೆಯಲ್ಲಿದ್ದ. ನಾಳೆಯೇ ಹೋಗೋಣ ಎಂದೆ ನಾನು. ನೀನು ತೊಟ್ಟಿಲು ಶಾಸ್ತ್ರ ಆಗಲಿ ಎಂದೆ. ಶಾಸ್ತ್ರ ಯಾವಾಗ ಎಂದರೆ, ಕಾಲು ಒಂದಿಷ್ಟು ಸರಿಯಾದ ಮೇಲೆ ಎಂದೆ. ಬಂದವರು ಕಾಲು ನೋಡುತ್ತಾರಲ್ಲ! ಕಾಲು ಸರಿಯಾಗುವವರೆಗೆ ಶಾಸ್ತ್ರ ಇಲ್ಲ, ಶಾಸ್ತ್ರ ಆಗುವವರೆಗೆ ಆಸ್ಪತ್ರೆ ಇಲ್ಲ. ಹೀಗೇ ಕೂಸಿಗೆ ಮದುವೆ ವಯಸ್ಸಾಗುತ್ತದೆ, ಆಗ ಅದನ್ನೂ ಚಾಪೆಯ ಮೇಲೆ ಕೂರಿಸುತ್ತೀ.

"ಹಸಿ ಕೂಸಿನ ಕಾಲಿಗೆ ಸಿಮೆಂಟ್ ಹಾಕಸ್ತ್ಯಾ? ನಿಂಗೆ ಮಕ್ಕಳಿಲ್ಲ, ಅದ್ಕೇ ಈ ಧೈರ್ಯ," ಎಂದೆ ನೀನು.

ಅದನ್ನು ಹೇಳಿದೆಯಲ್ಲ ಅವ್ವಾ. ಹೇಳಿದ ಮೇಲೆ ನಿನ್ನ ಮುಖ ಸಣ್ಣದಾಯಿತು, ನಾನು ನೋಡಿದೆ. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೊಟ್ಟಿಲಿನ ಮೇಲೆ ಕೈ ಇಟ್ಟು, ನನ್ನ ಹೆಣದ ಮೇಲೆ ದಾಟಿ ಹೋಗಿ ಎಂದೆ. ಊಟ ಬಿಟ್ಟು ಮಲಗಿದೆ. ಸುನೀಲ ನೆಲ ನೋಡುತ್ತಾ, "ಅವ್ವ ಹೇಳ್ದಂಗೆ ಆಗ್ಲಿ ಬಿಡಕ್ಕಾ," ಎಂದ. ಹೆಂಡತಿ ಒಳಗೆ ಅಳುತ್ತಿದ್ದಾಳೆ, ಮಗಳ ಕಾಲು ಹಾಗಿದೆ, ಅವನಿಗೆ ಅವ್ವ ಹೇಳಿದ ಹಾಗೆ ಆಗಬೇಕು. ನಾನು ಅಂಗಳದಲ್ಲಿ ನಿಂತು ಅವನನ್ನು ಬೈದದ್ದು ಬೀದಿಯವರೆಲ್ಲ ಕೇಳಿದರು. ಕೇಳಲಿ.

ಎರಡು ದಿನ ಬಿಟ್ಟು ದಿವ್ಯಾ ಫೋನ್ ಮಾಡಿದಳು. ಬಚ್ಚಲಿನಿಂದ ಮಾಡಿದ್ದಳು, ನೀರು ಬಿಟ್ಟುಕೊಂಡು, ನಿನಗೆ ಕೇಳಬಾರದೆಂದು. "ಅತ್ತಿಗೆ, ಅತ್ತೆ ಕೆಟ್ಟೋರಲ್ಲ. ಆದ್ರೆ ದಿನಾ ಕೂಸಿನ ಕಾಲು ತಿಕ್ಕುವಾಗ ನನ್ನ ಮುಖ ನೋಡ್ತಾರೆ. ನಂಗೆ ಹಾಲು ಬತ್ತಾ ಬಂತು. ಹ್ಯಾಂಗಾದ್ರೂ ಕರ್ಕಂಡು ಹೋಗಿ," ಎಂದಳು. ಆಮೇಲೆ ನನಗೆ ಯೋಚಿಸಲು ಏನೂ ಉಳಿಯಲಿಲ್ಲ. ನೀನು ಸಿದ್ದಾಪುರಕ್ಕೆ ಗೃಹಪ್ರವೇಶಕ್ಕೆ ಹೋದ ದಿನವೇ ಅವರು ಹೊರಟು ಬಂದರು. ಹೇಗೆ ಬಂದರು, ಯಾರು ಬಸ್ಸು ಹತ್ತಿಸಿದರು ಎಂದು ಕೇಳಬೇಡ. ಹೇಳುವುದಿಲ್ಲ.

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆವು. ಸುನೀಲನಿಗೆ ಫೋನ್ ಮಾಡಿ, ನೀನು ತಂದೆ, ಬಂದರೆ ಬಾ, ಬಾರದಿದ್ದರೆ ನಿನ್ನ ಮಗಳು ನಡೆಯುವುದನ್ನು ಬೇರೆಯವರ ಮೊಬೈಲಿನಲ್ಲಿ ನೋಡು ಎಂದೆ. ಬಂದ. ಶಿರಸಿಯಿಂದ ಬಂದು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದ. ಚೀಟಿ ಮಾಡಿಸುವಾಗ ಕೂಸಿನ ಹೆಸರು ಕೇಳಿದರು. ಇನ್ನೂ ಇಟ್ಟಿಲ್ಲ ಎಂದೆವು. "ದಿವ್ಯಾಳ ಮಗು" ಎಂದು ಬರೆದುಕೊಂಡರು. ತೊಟ್ಟಿಲಿನಲ್ಲಿ ಹೆಸರು ಕೂಗಬೇಕಾದ ಸೋದರತ್ತೆ ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ನಾಚಿಕೆಯಾಯಿತು.

ಡಾಕ್ಟರು ಹೆಂಗಸು. ಕೂಸಿನ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಒಂದಿಷ್ಟು ತಿರುಗಿಸಿ ಹಾಗೇ ಹಿಡಿದರು. ಒಂದೇ ಸಲಕ್ಕೆ ನೆಟ್ಟಗೆ ಮಾಡುವುದಿಲ್ಲವಂತೆ. ಈ ವಾರ ಇಷ್ಟು, ಮುಂದಿನ ವಾರ ಇನ್ನಷ್ಟು. ಇನ್ನೊಬ್ಬರು ಹತ್ತಿ ಸುತ್ತಿ, ಅದರ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಗುವ ಒದ್ದೆ ಪಟ್ಟಿಯನ್ನು ಕಾಲ್ಬೆರಳಿನಿಂದ ತೊಡೆಯವರೆಗೆ ಹಾಕಿದರು. ಕೂಸು ಅತ್ತಿತು, ಸುಳ್ಳು ಹೇಳುವುದಿಲ್ಲ. ದಿವ್ಯಾ ಮುಖ ಮುಚ್ಚಿಕೊಂಡಳು. ಸುನೀಲ ಮಗಳ ಮಂಡಿ ಹಿಡಿದುಕೊಂಡು, ಅವನೂ ಅತ್ತ. ಪಟ್ಟಿ ಒಣಗುವುದರೊಳಗೆ ಕೂಸು ಹಾಲು ಕುಡಿದು ಮಲಗಿತು. ನೋವಿಗೆ ಅತ್ತದ್ದಲ್ಲ, ಹಿಡಿದುಕೊಂಡದ್ದಕ್ಕೆ ಅತ್ತದ್ದು ಎಂದರು. ಕೆಲವು ವಾರ ಹೀಗೆ ಪಟ್ಟಿ ಬದಲಿಸಿ, ಬೇಕಾದರೆ ಹಿಮ್ಮಡಿಯಲ್ಲಿ ಸಣ್ಣ ಗಾಯ ಮಾಡಿ ನರ ಸಡಿಲಿಸಿ, ಆಮೇಲೆ ಎರಡು ಬೂಟಿನ ನಡುವೆ ಒಂದು ಸರಳು ಇರುತ್ತದಂತೆ, ಅದನ್ನು ವರ್ಷಗಟ್ಟಲೆ ಮಲಗುವಾಗ ಹಾಕಬೇಕು. ಬಿಟ್ಟರೆ ಮತ್ತೆ ತಿರುಗುತ್ತದೆ. ಬಿಡದಿದ್ದರೆ ಎಲ್ಲ ಮಕ್ಕಳ ಹಾಗೆ ಓಡುತ್ತಾಳೆ ಎಂದರು. ಓಡುತ್ತಾಳೆ ಎಂದರು ಅವ್ವಾ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯಾ ಎಂದು ಕೇಳಿದರು. ನಾನು ಸೀರೆಯ ಅಂಚು ಎತ್ತಿ ಎಡಗಾಲು ತೋರಿಸಿದೆ. ಅವರು ಬಗ್ಗಿ, ಕೈಯಿಂದ ಮುಟ್ಟಿ ನೋಡಿದರು. ನನ್ನ ಕಾಲನ್ನು ಡಾಕ್ಟರೊಬ್ಬರು ಮುಟ್ಟಿದ್ದು ಅದೇ ಮೊದಲು.

"ನಿಮ್ಮದೂ ಹುಟ್ಟಿದಾಗ ಹಿಂಗ ಇತ್ತ ನೋಡ್ರಿ. ಆಗ ತಂದಿದ್ರ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ನಾನು ಹೊರಗೆ ಬಂದೆ. ನಂದನ ಹಿಂದೆಯೇ ಬಂದ. ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ನಾನು ಗೋಡೆಗೆ ಹೊಡೆದೆ, ಕೈ ಊದಿಕೊಂಡಿದೆ, ಅದಕ್ಕೇ ಈ ಅಕ್ಷರ ಹೀಗೆ ವಕ್ರವಾಗಿದೆ. ಅವನು ಸಮಾಧಾನ ಹೇಳಲಿಲ್ಲ. "ಹೊಡಿ, ಆದ್ರ ಬಲಗೈಲೆ ಹೊಡಿಬ್ಯಾಡ, ನಾಳೆ ಮರಿಗೆ ಮೇವು ಹಾಕೂದೈತಿ," ಎಂದ.

ಮತ್ತೆ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. ದಿವ್ಯಾಳ ಎದುರಿಗೇ ಕೇಳಿದೆ. ಗ್ರಹಣದಿಂದ ಹೀಗಾಗುತ್ತದಾ ಎಂದು. ಅವರು ನಗಲಿಲ್ಲ. ತುಂಬ ಜನ ಕೇಳುತ್ತಾರಂತೆ. "ಗ್ರಹಣಕ್ಕೂ ಕಾಲಿಗೂ ಏನೂ ಸಂಬಂಧ ಇಲ್ರಿ. ತಾಯಿ ಏನೂ ತಪ್ಪು ಮಾಡಿಲ್ಲ. ಇದು ಯಾರ ತಪ್ಪೂ ಅಲ್ಲ. ಕೆಲವು ಮನೆತನದಾಗ ಬರ್ತದ, ಕೆಲವು ಸಲ ಸುಮ್ನ ಬರ್ತದ," ಎಂದರು. ಮನೆತನದಿಂದ ಬಂದಿದ್ದರೆ ನಮ್ಮ ಮನೆಯಿಂದ ಬಂದಿದೆ, ದಿವ್ಯಾಳಿಂದ ಅಲ್ಲ. ಅವಳು ನೆಲದ ಮೇಲೆ ಕೂತುಬಿಟ್ಟಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಈಗ ಇದನ್ನು ನಿಧಾನವಾಗಿ ಓದು. ನಾನು ಹೊಟ್ಟೆಯಲ್ಲಿದ್ದಾಗ ದೀಪಾವಳಿಯ ಹೊತ್ತಿಗೆ ಸೂರ್ಯಗ್ರಹಣ ಬಂದಿತ್ತು, ನೀನು ಹೀರೇಕಾಯಿ ಹೆಚ್ಚಿದೆ ಎಂದು ಅಜ್ಜಿ, ನಿನ್ನ ಅತ್ತೆ, ಸಾಯುವವರೆಗೆ ಹೇಳಿದಳು. ಸಾರಿಗೆ ಉಪ್ಪು ಹೆಚ್ಚಾದರೂ ಜಗಳ ಹೀರೇಕಾಯಿಗೇ ಬಂದು ನಿಲ್ಲುತ್ತಿತ್ತು. ನನ್ನನ್ನು ಆಸ್ಪತ್ರೆಗೆ ಒಯ್ದರೆ ಊರಿಗೆಲ್ಲ ಗೊತ್ತಾಗುತ್ತದೆ, ಮನೆತನದ ಮರ್ಯಾದೆ ಹೋಗುತ್ತದೆ ಎಂದವಳೂ ಅವಳೇ. ನೀನು ಇವತ್ತಿನವರೆಗೂ ಮನೆಯೊಳಗೆ ಹೀರೇಕಾಯಿ ತರುವುದಿಲ್ಲ. ಸಣ್ಣವಳಿದ್ದಾಗ ನನಗೆ ಅದು ಯಾಕೆ ಎಂದು ಗೊತ್ತಿರಲಿಲ್ಲ. ಅವ್ವಾ, ನೀನು ಹೀರೇಕಾಯಿ ಹೆಚ್ಚಿದ್ದರಿಂದ ನನ್ನ ಕಾಲು ಹೀಗಾಗಲಿಲ್ಲ. ನೀನು ಏನೂ ಮಾಡಿರಲಿಲ್ಲ. ಇದನ್ನು ನಿನಗೆ ಯಾರೂ ಹೇಳಲಿಲ್ಲ, ಹೇಳುವವರ ಹತ್ತಿರ ಹೋಗಲು ಬಿಡಲೂ ಇಲ್ಲ. ಅದಕ್ಕೂ ನನಗೆ ಸಿಟ್ಟಿದೆ. ನಿನ್ನ ಮೇಲಿರುವುದಕ್ಕಿಂತ ಹೆಚ್ಚು ಇದೆ.

ಆದರೆ ಅಷ್ಟು ವರ್ಷ ಅದೇ ಮಾತು ತಿಂದ ನೀನು ಅದನ್ನೇ ಕಾಸಿ ಸೊಸೆಗೆ ಬಡಿಸಿದೆಯಲ್ಲ, ಅದನ್ನು ಹೇಗೆ ಕ್ಷಮಿಸಲಿ? ನನಗೆ ಗೊತ್ತಾಗುತ್ತಿಲ್ಲ. ಯಾವತ್ತೋ ಒಂದು ದಿನ ಕ್ಷಮಿಸುತ್ತೇನೆ. ಇವತ್ತು ಆಗುವುದಿಲ್ಲ.

ಪಟ್ಟಿಯ ಕೆಲಸ ಮುಗಿಯುವವರೆಗೆ ದಿವ್ಯಾ ಇಲ್ಲೇ ಇರುತ್ತಾಳೆ. ಇಲ್ಲಿಂದ ಹುಬ್ಬಳ್ಳಿ ಹತ್ತಿರ. ನೀನು ಬಂದರೆ ಬಾಗಿಲು ಹಾಕುವುದಿಲ್ಲ. ಬರುವುದಾದರೆ ಗ್ರಹಣದ ಮಾತು ಕಾನಸೂರಿನಲ್ಲೇ ಬಿಟ್ಟು ಬಾ. ಕೂಸಿನ ಕಾಲು ಮುಚ್ಚುವ ಹಾಗಿಲ್ಲ. ಬಂದವರೆಲ್ಲ ನೋಡಲಿ, ಬೆರಳು ಕೆಂಪಗಿದೆಯಾ, ನೀಲಿಯಾಗಿದೆಯಾ ಎಂದು ನಾವೂ ಆಗಾಗ ನೋಡುತ್ತಿರಬೇಕು, ಡಾಕ್ಟರು ಹೇಳಿದ್ದಾರೆ. ದಿವ್ಯಾಳ ಹತ್ತಿರ ಏನು ಹೇಳಬೇಕು ಎನ್ನುವುದನ್ನು ನಾನು ಹೇಳಿಕೊಡುವುದಿಲ್ಲ, ಅದನ್ನು ನೀನೇ ಹುಡುಕು. ಕೂಸು ಪಟ್ಟಿ ಹಾಕಿದ ಕಾಲನ್ನು ಹಾಸಿಗೆಗೆ ಕುಟ್ಟಿ ಸದ್ದು ಮಾಡಲು ಕಲಿತಿದೆ. ಇದನ್ನು ಬರೆಯುವಾಗಲೂ ಕುಟ್ಟುತ್ತಿದೆ. ತೊಟ್ಟಿಲು ಶಾಸ್ತ್ರ ಮುಂದಿನ ಭಾನುವಾರ ಇಲ್ಲೇ ಮಾಡುತ್ತೇವೆ. ಹೆಸರು ನಾನೇ ಕೂಗುತ್ತೇನೆ.

ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಮಗಳು
ಮಮತಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅವರನ್ನು ಯಾರು ಬಸ್ಸು ಹತ್ತಿಸಿದರು ಎಂದು ಹೇಳುವುದಿಲ್ಲ ಎಂದೆನಲ್ಲ, ಆದರೆ ಮುಚ್ಚಿಡುವುದರ ಮೇಲೇ ಇಷ್ಟುದ್ದ ಸಿಟ್ಟು ಮಾಡಿ ನಾನೇ ಮುಚ್ಚಿಟ್ಟರೆ ಹೇಗೆ? ಅಪ್ಪ. ಈಗ ನಿನ್ನ ಪಕ್ಕದಲ್ಲಿ ಕೂತು, ಮಮತಾ ಏನು ಬರೆದಿದ್ದಾಳೆ ಎಂದು ಏನೂ ಗೊತ್ತಿಲ್ಲದವನ ಹಾಗೆ ಕೇಳುತ್ತಿರುತ್ತಾನೆ, ನೋಡು. ನೀನು ಸಿದ್ದಾಪುರದ ಬಸ್ಸು ಹತ್ತಿದ ಮೇಲೆ ಅವನೇ ಕೂಸನ್ನು ಶಲ್ಯದಲ್ಲಿ ಸುತ್ತಿಕೊಂಡು, ದಿವ್ಯಾಳ ಚೀಲ ಹೆಗಲಿಗೆ ಹಾಕಿಕೊಂಡು ಶಿರಸಿಯವರೆಗೆ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಕೂಸನ್ನು ನನ್ನ ಕೈಗೆ ಕೊಟ್ಟ. ನೀನೂ ಬಾ ಅಪ್ಪ ಎಂದು ಕರೆದೆ. "ಎಲ್ರೂ ಹೋದ್ರೆ ಅವ್ಳು ಒಬ್ಳೇ ಆಗ್ತಾಳೆ. ಬೈಸ್ಕಳಾಕೆ ಯಾರಾದ್ರೂ ಬೇಕಲ್ಲ, ನಾ ಇರ್ತೀನಿ, ನೀವು ಹೋಗಿ," ಎಂದು ವಾಪಸು ಬಸ್ಸು ಹತ್ತಿದ. ಬೈದು ಮುಗಿದ ಮೇಲೆ ಅವನಿಗೆ ಊಟ ಹಾಕು. ಭಾನುವಾರ ಅವನನ್ನೂ ಕರೆದುಕೊಂಡು ಬಾ.